ಅರವತ್ತರಲ್ಲಿ ಬೆಟ್ಟ ಕಾಯಲು ಹೋದ ಎಂಜಿನಿಯರ್

ಎಂಬತ್ತೈದರ ಕಾಲೇಬನು ಸಲೀಸಾದ ಜಾಗ ಬಿಟ್ಟು ಬೆಟ್ಟದ ಸೀಮೆಯನ್ನೇ ಕೇಳಿದ್ದನ್ನು ಯೆಹೋಶುವ 14ರಲ್ಲಿ ಈಗ ಓದಿದೆವು. ಅದನ್ನು ಓದಿದಾಗೆಲ್ಲ ನನಗೆ ಅಮೆರಿಕದ ಒಬ್ಬ ಎಂಜಿನಿಯರ್ ನೆನಪಾಗ್ತಾರೆ, ಜಾರ್ಜ್ ಸಿಯರ್ಸ್ ಗ್ರೀನ್. ನಿಮ್ಮಲ್ಲಿ ಎಂಜಿನಿಯರುಗಳೇ ಜಾಸ್ತಿ ಇದ್ದೀರಿ, ಸ್ವಲ್ಪ ಕಿವಿಗೊಡಿ.

1801ರಲ್ಲಿ ರೋಡ್ ಐಲೆಂಡ್‌ನಲ್ಲಿ ಹುಟ್ಟಿದರು. ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯ 1823ರ ತಂಡದಲ್ಲಿ ಎರಡನೇ ಸ್ಥಾನ. ಮದುವೆ ಆಯ್ತು, ಮೂರು ಮಕ್ಕಳಾದವು. ಆಮೇಲೆ 1832-33ರಲ್ಲಿ, ಏಳೇ ತಿಂಗಳೊಳಗೆ, ಹೆಂಡತಿಯೂ ಮೂವರು ಮಕ್ಕಳೂ ತೀರಿಕೊಂಡರು. ಮನೆಯಲ್ಲಿ ಒಬ್ಬರೇ ಉಳಿದರು. ಏನು ಮಾಡಿದರು ಗೊತ್ತಾ? ಪುಸ್ತಕ ಹಿಡಿದು ಕೂತರು. ಕಾನೂನು, ವೈದ್ಯಶಾಸ್ತ್ರ, ಎಂಜಿನಿಯರಿಂಗ್. ಅಳಬಾರದು ಅಂತ ನಾನು ಹೇಳ್ತಿಲ್ಲ, ಲಾಜರನ ಸಮಾಧಿ ಹತ್ತಿರ ನಮ್ಮ ಕರ್ತನೂ ಅತ್ತಿದ್ದಾನೆ. ಆದ್ರೆ ಈ ಮನುಷ್ಯ ದುಃಖದ ಕೈಗೆ ತನ್ನ ಕೆಲಸವನ್ನು ಕೊಟ್ಟುಬಿಡಲಿಲ್ಲ.

1836ರಲ್ಲಿ ಸೈನ್ಯ ಬಿಟ್ಟರು, ಮತ್ತೆ ಮದುವೆಯಾದರು. ರೈಲು ಹಳಿ, ಕಾಲುವೆ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಜಲಾಶಯ, ಹೀಗೇ 25 ವರ್ಷ ಹೋಯ್ತು. ಅಂತರ್ಯುದ್ಧ ಶುರುವಾದಾಗ ವಯಸ್ಸು ಅರವತ್ತು. ಇಪ್ಪತ್ತೆಂಟಕ್ಕೇ ಎಲ್ಲ ಲೇಟಾಯ್ತು ಅಂತ ನನ್ನ ಹತ್ರ ಬಂದು ಕೊರಗೋರು ಇಲ್ಲೇ ಇದ್ದೀರಿ! ಗ್ರೀನ್ 1862ರ ಜನವರಿಯಲ್ಲಿ ನ್ಯೂಯಾರ್ಕಿನ 60ನೇ ಸ್ವಯಂಸೇವಕ ರೆಜಿಮೆಂಟಿಗೆ ಕರ್ನಲ್ ಆಗಿ ಹೋದರು. ಮೂರೇ ತಿಂಗಳಲ್ಲಿ ಬ್ರಿಗೇಡಿಯರ್ ಜನರಲ್.

1863, ಜುಲೈ 2. ಗೆಟಿಸ್‌ಬರ್ಗ್‌ನ ಕಲ್ಪ್ಸ್ ಹಿಲ್ ಅನ್ನೋ ಬೆಟ್ಟ. ಮರೆಯಲ್ಲಿ ನಿಂತು ಕಾದಾಡಿದ್ರೆ ಸೈನಿಕರ ಧೈರ್ಯ ಕುಗ್ಗುತ್ತೆ ಅನ್ನೋದು ಮೇಲಧಿಕಾರಿ ಗಿಯರಿಯವರ ಅಭಿಪ್ರಾಯ. ಗ್ರೀನ್ ಒಪ್ಪಲಿಲ್ಲ. ಬೆಳಗ್ಗೆಯೇ ಮರ ಕಡಿಸಿ, ಕಲ್ಲು ಮಣ್ಣು ಪೇರಿಸಿ ಅಡ್ಡಗೋಡೆ ಎಬ್ಬಿಸಿದರು. ಆಗ ಅಲ್ಲಿ ಯುದ್ಧದ ಸುಳಿವೇ ಇಲ್ಲ, ಬರೀ ಬೆವರು. ಸಂಜೆ ಜೊತೆಗಿದ್ದ ಬ್ರಿಗೇಡುಗಳಿಗೆಲ್ಲ ಇನ್ನೊಂದು ಕಡೆ ಹೋಗಲು ಆಜ್ಞೆ ಬಂತು. ಉಳಿದದ್ದು ಗ್ರೀನ್ ಮತ್ತು ಸುಮಾರು 1,400 ಜನ. ಕತ್ತಲಾಗೋ ಹೊತ್ತಿಗೆ ದಕ್ಷಿಣದ ಸೈನ್ಯದ ಮೂರು ಬ್ರಿಗೇಡುಗಳು ಬೆಟ್ಟ ಹತ್ತಿದವು. ಹಿಂದಕ್ಕೆ ಬಿದ್ದವು, ಮತ್ತೆ ಹತ್ತಿದವು. ಪಕ್ಕದ ಖಾಲಿ ಕಂದಕಗಳು ಶತ್ರುವಿನ ಪಾಲಾದವು. ನೆರವಿಗೆ ಕೆಲವು ರೆಜಿಮೆಂಟುಗಳು ಓಡಿಬಂದವು. ಗ್ರೀನರ ಗೋಡೆ ಮಾತ್ರ ಕೈಬಿಡಲಿಲ್ಲ. ಆ ಬೆಟ್ಟ ಹೋಗಿದ್ದರೆ ಉತ್ತರದ ಸೈನ್ಯದ ಬೆನ್ನಿಗೇ ಅಪಾಯವಿತ್ತು.

ಅದೇ ಅಕ್ಟೋಬರಿನಲ್ಲಿ ಇನ್ನೊಂದು ರಾತ್ರಿ ಯುದ್ಧದಲ್ಲಿ ಮುಖಕ್ಕೇ ಗುಂಡು ಬಿತ್ತು. ವಾಸಿಯಾಗಿ 1865ರಲ್ಲಿ ಮತ್ತೆ ದಂಡಿಗೆ ಹೋದರು, ಯುದ್ಧ ಮುಗಿದ ಮೇಲೆ ಎಂಜಿನಿಯರಿಂಗ್‌ಗೆ ಮರಳಿದರು. 1899ರಲ್ಲಿ ತೀರಿಕೊಂಡಾಗ ವಯಸ್ಸು 97. ಸಮಾಧಿಯ ಮೇಲೆ ಕಲ್ಪ್ಸ್ ಹಿಲ್‌ನಿಂದಲೇ ತಂದ ಒಂದು ದೊಡ್ಡ ಬಂಡೆ ಇದೆ.