ಚಿನ್ನಾದೇವಿ

ವಿಜಯನಗರದ ಅರಸರಲ್ಲಿ ಅಗ್ರಗಣ್ಯನಾದ ಶ್ರೀಕೃಷ್ಣದೇವರಾಯನ ಹೆಸರನ್ನು ಕೇಳದ ಕನ್ನಡಿಗರು ವಿರಳ. ಅವನ ಪಟ್ಟದ ರಾಣಿ ತಿರುಮಲದೇವಿಯು ಶ್ರೀರಂಗಪಟ್ಟಣದ ಅರಸನ ಮಗಳು. ಆಕೆಗೆ ಸರಿಸಮಳಾಗಿ ಅರಮನೆಯಲ್ಲಿ ಬಾಳಿದ ಚಿನ್ನಾದೇವಿಗಾದರೋ ಹೇಳಿಕೊಳ್ಳಲು ರಾಜಮನೆತನವಿರಲಿಲ್ಲ. ಅವಳು ಗಣಿಕೆಯರ ಕುಲದಲ್ಲಿ ಹುಟ್ಟಿದವಳು.

ಅಂದಿನ ವಿಜಯನಗರದಲ್ಲಿ ಗಣಿಕೆಯರ ಸ್ಥಿತಿ ವಿಚಿತ್ರವಾದುದು. ಸುಮಾರು 1520ರಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಕಂಡಂತೆ, ಎಂತಹ ದೊಡ್ಡ ಅಧಿಕಾರಿಗೂ ಪ್ರವೇಶವಿಲ್ಲದ ಅಂತಃಪುರಕ್ಕೆ ಅವರು ಹೋಗಬಹುದಾಗಿತ್ತು. ರಾಣಿಯರೊಡನೆ ಕುಳಿತು ತಾಂಬೂಲ ಸವಿಯಬಹುದಾಗಿತ್ತು. ಆದರೆ ರಾಣಿಯೊಡನೆ ಕುಳಿತುಕೊಳ್ಳುವುದು ಬೇರೆ, ರಾಣಿಯಾಗುವುದು ಬೇರೆ.

ಕೃಷ್ಣದೇವರಾಯನು ಇನ್ನೂ ಅರಸನಾಗದಿದ್ದ ಕಾಲದಲ್ಲಿಯೇ ಚಿನ್ನಾದೇವಿಗೆ ಮನಸೋತಿದ್ದನು. ತಾನು ಪಟ್ಟವೇರಿದರೆ ಅವಳನ್ನು ವರಿಸುವುದಾಗಿ ಮಾತು ಕೊಟ್ಟಿದ್ದನು. 1509ರಲ್ಲಿ ಸಿಂಹಾಸನವೇನೋ ದೊರೆಯಿತು. ಮಾತನ್ನು ನಡೆಸುವುದು ಸುಲಭವಾಗಲಿಲ್ಲ. ಮುಂದೆ ಏನಾಯಿತೆಂಬುದನ್ನು ಕೆಲವು ವರ್ಷಗಳ ಅನಂತರ ಬಂದ ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸನು ಬರೆದಿಟ್ಟಿದ್ದಾನೆ. ಅರಸನು ರಾತ್ರಿಯ ಹೊತ್ತು ಅರಮನೆಯಿಂದ ಹೊರಬಿದ್ದು ಅವಳ ಮನೆಗೆ ಹೋಗುತ್ತಿದ್ದನಂತೆ. ಒಂದು ರಾತ್ರಿ ಮಂತ್ರಿ ಸಾಳುವ ತಿಮ್ಮರಸನು ಅವನ ಹಿಂದೆಯೇ ನಡೆದು, ಅವನು ಆ ಮನೆಯನ್ನು ಹೊಕ್ಕುದನ್ನು ಕಂಡು, ಗದರಿಸಿ ಹಿಂದಕ್ಕೆ ಕರೆತಂದನು. ಅರಸನು ತನ್ನ ನಿಶ್ಚಯವನ್ನು ಮುಚ್ಚಿಡಲಿಲ್ಲ. ಅವನು ಕದಲುವವನಲ್ಲವೆಂದು ತಿಳಿದ ತಿಮ್ಮರಸನು, ಲೋಕಾಪವಾದ ಬಾರದಂತೆ ಒಂದು ಉಪಾಯ ಹೂಡಿದನು: ಮೊದಲು ರಾಜವಂಶದ ಸುಂದರಿಯೊಬ್ಬಳೊಡನೆ ಅರಸನ ವಿವಾಹ ನೆರವೇರಿಸಿ, ಬಳಿಕ ಎತ್ತರವಾದ ಗೋಪುರವುಳ್ಳ ಭವನವೊಂದರಲ್ಲಿ ಇಬ್ಬರನ್ನೂ ಇರಿಸಿದನು. ಮಂತ್ರಿಯ ಜಾಣತನವನ್ನು ಮೆಚ್ಚಬೇಕಾದುದೇ. ಆ ಹೊಸ ಮದುವಣಗಿತ್ತಿಯ ಮನಸ್ಸನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಹೀಗೆ ಅರಮನೆ ಸೇರಿದ ಚಿನ್ನಾದೇವಿಯು ಮೂವರು ಪ್ರಧಾನ ರಾಣಿಯರಲ್ಲಿ ಒಬ್ಬಳಾದಳು. ಮೂವರಿಗೂ ಪ್ರತ್ಯೇಕ ಭವನ, ಸಮಾನ ಪರಿವಾರ, ಸಮಾನ ಐಶ್ವರ್ಯ. ಅವರಲ್ಲಿ ಮತ್ಸರ ಹುಟ್ಟದಿರಲೆಂದೇ ಈ ಏರ್ಪಾಡು ಎಂದು ಪಾಯೆಸನು ತಿಳಿಸುತ್ತಾನೆ. ಇಂದಿನ ಹೊಸಪೇಟೆ ಇರುವೆಡೆ ಅರಸನು ಕಟ್ಟಿಸಿದ ಹೊಸ ನಗರವು ಅವಳ ಮೇಲಿನ ಪ್ರೀತಿಯ ಕುರುಹೆಂದೂ ಅವನು ಕೇಳಿದ್ದನು. ಆ ನಗರಕ್ಕೆ ನಾಗಲಾಪುರವೆಂಬ ಹೆಸರು ಬಂದುದು ಅರಸನ ತಾಯಿ ನಾಗಲಾಂಬಿಕೆಯಿಂದ ಎಂಬ ಮತವೂ ಉಂಟು.

1513ರ ಫೆಬ್ರವರಿ 10ರಂದು ಕೃಷ್ಣದೇವರಾಯನು ತಿರುಮಲೆಗೆ ಮೊದಲ ಬಾರಿ ಬಂದಾಗ ತಿರುಮಲದೇವಿ, ಚಿನ್ನಾದೇವಿ ಇಬ್ಬರೂ ಜೊತೆಗಿದ್ದರು. ಅರಸನು ರತ್ನಕಿರೀಟವನ್ನು ಅರ್ಪಿಸಿದನು. ದೇವರ ಹಾಲಿನ ನೈವೇದ್ಯಕ್ಕೆಂದು ರಾಣಿಯರು ಒಬ್ಬೊಬ್ಬರೂ ಒಂದೊಂದು ಚಿನ್ನದ ಬಟ್ಟಲನ್ನು ಒಪ್ಪಿಸಿದರು. ಕಾಣಿಕೆಯಲ್ಲಿ ಹೆಚ್ಚುಕಡಿಮೆಯಿರಲಿಲ್ಲ.

ವಿಜಯನಗರದ ಅರಮನೆಯ ಬಾಗಿಲೊಂದರ ಬಳಿ ಎರಡು ಆಳೆತ್ತರದ ಭಾವಚಿತ್ರಗಳಿದ್ದುದನ್ನು ಪಾಯೆಸನು ನೋಡಿದ್ದನು. ಒಂದು ಕೃಷ್ಣದೇವರಾಯನದು, ಇನ್ನೊಂದು ಅವನ ತಂದೆಯದು. 1565ರ ಯುದ್ಧದ ತರುವಾಯ ನಗರವು ಸೂರೆಹೋಯಿತು. ಆ ಅರಮನೆಯೂ ಉಳಿಯಲಿಲ್ಲ, ಚಿತ್ರಗಳೂ ಉಳಿಯಲಿಲ್ಲ. ಉಳಿದಿರುವುದು ತಿರುಮಲೆಯ ಲೋಹಪ್ರತಿಮೆಗಳು. ದೇಗುಲದ ಮಹಾದ್ವಾರವನ್ನು ದಾಟಿದೊಡನೆ ಸಿಗುವ ಮಂಟಪದಲ್ಲಿ, ಎತ್ತರದ ಕುಲಾವಿ ತೊಟ್ಟ ಅರಸನು ಕೈಮುಗಿದು ನಿಂತಿದ್ದಾನೆ. ಅವನ ಎರಡು ಪಕ್ಕಗಳಲ್ಲಿ ರಾಣಿಯರಿಬ್ಬರೂ ಕೈಮುಗಿದು ನಿಂತಿದ್ದಾರೆ. ಯಾರು ಯಾರೆಂದು ಊಹಿಸಬೇಕಾದುದಿಲ್ಲ. ಮೂವರ ಹೆಸರುಗಳನ್ನೂ ಅವರವರ ಭುಜದ ಮೇಲೆ ಕೊರೆಯಲಾಗಿದೆ. ಮಂತ್ರಿಯು ಲೋಕಕ್ಕಂಜಿ ಗೋಪುರದ ಮನೆಯಲ್ಲಿರಿಸಿದ ಚಿನ್ನಾದೇವಿಯ ಹೆಸರೂ ಅಲ್ಲಿದೆ.