ಎಡಗೈಗೂ ಕೆಲಸ ಕೊಟ್ಟ ಎಂಗೆಲ್‌ಬಾರ್ಟ್

ಆಲ್ಟ್ ಹಿಡಿದು ಟ್ಯಾಬ್ ಒತ್ತಿದರೆ ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋಗಬಹುದು ಅನ್ನೋದು ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಗೊತ್ತು. ವಿಂಡೋಸ್ ಕೀ ಜೊತೆ ಎಡ ಬಾಣದ ಕೀ ಒತ್ತಿದರೆ ವಿಂಡೋ ಪರದೆಯ ಎಡ ಅರ್ಧಕ್ಕೆ ಹೋಗಿ ಕೂರುತ್ತೆ ಅನ್ನೋದು ಅಷ್ಟು ಜನಕ್ಕೆ ಗೊತ್ತಿಲ್ಲ. ಪರದೆಯನ್ನ ಭಾಗ ಮಾಡಿಕೊಂಡು, ಒಂದು ಕೈಯಲ್ಲಿ ಮೌಸ್, ಇನ್ನೊಂದು ಕೈಯಲ್ಲಿ ಶಾರ್ಟ್‌ಕಟ್ ಇಟ್ಕೊಂಡು ಕೆಲಸ ಮಾಡೋದನ್ನ 1968ರಲ್ಲೇ ಮಾಡಿ ತೋರಿಸಿದವರು ಡಗ್ಲಸ್ ಎಂಗೆಲ್‌ಬಾರ್ಟ್. ನಾವು ಅವರನ್ನ ಮೌಸ್ ಕಂಡುಹಿಡಿದವರು ಅಂತ ಒಂದೇ ಮಾರ್ಕಿನ ಉತ್ತರದಲ್ಲಿ ಮುಗಿಸಿಬಿಡ್ತೀವಿ.

ಅವರು ಹುಟ್ಟಿದ್ದು 1925ರ ಜನವರಿ 30ರಂದು, ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ಒಂಬತ್ತು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಾ ಇದ್ದಾಗಲೇ ಯುದ್ಧ ಬಂತು, ನೌಕಾಪಡೆಯಲ್ಲಿ ರಾಡಾರ್ ಟೆಕ್ನಿಷಿಯನ್ ಆದರು. ಫಿಲಿಪ್ಪೀನ್ಸ್‌ನಲ್ಲಿ ಒಂದು ರೆಡ್‌ಕ್ರಾಸ್ ಲೈಬ್ರರಿಯಲ್ಲಿ ವ್ಯಾನೆವರ್ ಬುಷ್ ಬರೆದ ಲೇಖನವೊಂದು ಕಣ್ಣಿಗೆ ಬಿತ್ತು. ಮನುಷ್ಯನ ಜ್ಞಾನ ಬೆಟ್ಟದಷ್ಟು ಬೆಳೀತಾ ಇದೆ, ಅದರಲ್ಲಿ ಬೇಕಾದ್ದನ್ನ ಹುಡುಕಿ ಜೋಡಿಸೋಕೆ ಒಂದು ಯಂತ್ರ ಬೇಕು ಅನ್ನೋದು ಅದರ ಸಾರ. ಆ ಯೋಚನೆ ಅವರನ್ನ ಕೊನೆವರೆಗೂ ಬಿಡಲಿಲ್ಲ.

ಡಿಗ್ರಿ ಆಯ್ತು, ಒಳ್ಳೆ ಕೆಲಸ ಸಿಕ್ತು, 1950ರಲ್ಲಿ ಮದುವೆ ನಿಶ್ಚಯವೂ ಆಯ್ತು. ನಮ್ಮ ಮನೆಗಳಲ್ಲಾದರೆ ಇಷ್ಟಕ್ಕೆ ಸೆಟಲ್ ಆದ ಅಂತಾರೆ! ಎಂಗೆಲ್‌ಬಾರ್ಟ್‌ಗೆ ಮಾತ್ರ ಇನ್ನು ಮುಂದೆ ಏನು ಅನ್ನೋ ಚಿಂತೆ ಹತ್ತಿತು. ರಾಡಾರ್ ತನ್ನ ಪರದೆ ಮೇಲೆ ಚುಕ್ಕೆ, ಗೆರೆ ಮೂಡಿಸೋದನ್ನ ನೋಡಿದ್ದವರು ಅವರು. ಕಂಪ್ಯೂಟರ್ ಕೂಡ ಹಾಗೇ ಪರದೆ ಮೇಲೆ ಅಕ್ಷರ ಬರೆಯಲಿ, ಮನುಷ್ಯ ಅದರ ಮುಂದೆ ಕೂತು ಯೋಚನೆ ಮಾಡಲಿ ಅನ್ನೋ ಚಿತ್ರ ಅವರ ತಲೆಯಲ್ಲಿ ಮೂಡಿತು. ಆಗಿನ ಕಂಪ್ಯೂಟರ್‌ಗೆ ತೂತು ಹೊಡೆದ ಕಾರ್ಡ್ ಕೊಟ್ಟು, ಉತ್ತರಕ್ಕೆ ಕಾಯ್ತಾ ಕೂರಬೇಕಿತ್ತು.

1955ರಲ್ಲಿ ಬರ್ಕ್ಲಿಯಲ್ಲಿ ಪಿಎಚ್‌ಡಿ ಮುಗಿಸಿ, 1957ರಲ್ಲಿ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸೇರಿದರು. 1962ರಲ್ಲಿ ಅವರು ಬರೆದ ವರದಿಯಲ್ಲಿ ನಮಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ. ಪೆನ್ಸಿಲ್‌ಗೆ ಒಂದು ಇಟ್ಟಿಗೆ ಕಟ್ಟಿ ಬರೆಸಿದರು. ಟೈಪ್‌ರೈಟರ್‌ನಲ್ಲಿ ಬರೆಯೋದು, ಬರೀ ಕೈಬರಹ, ಇಟ್ಟಿಗೆ ಕಟ್ಟಿದ ಪೆನ್ಸಿಲ್, ಮೂರನ್ನೂ ಪಕ್ಕ ಪಕ್ಕ ಇಟ್ಟು ಎಷ್ಟೆಷ್ಟು ಹೊತ್ತು ಹಿಡಿಯಿತು ಅಂತ ನೋಡಿದರು. ಸಾಧನ ಭಾರ ಆದರೆ ಬರೆಯೋದು ಮಾತ್ರ ನಿಧಾನ ಆಗಲ್ಲ, ತಿದ್ದೋಕೆ, ಬೇರೆ ಥರ ಬರೆದು ನೋಡೋಕೆ ಮನಸ್ಸೂ ಬರಲ್ಲ. ಹದಿನೈದು ವಿಂಡೋ ತೆರೆದುಕೊಂಡು, ಬೇಕಾದ ಪಿಡಿಎಫ್ ಎಲ್ಲಿ ಹೋಯ್ತು ಅಂತ ಒಂದೊಂದನ್ನೇ ಮಿನಿಮೈಜ್ ಮಾಡೋ ನಾವು ಆ ಇಟ್ಟಿಗೆಯನ್ನ ಚೆನ್ನಾಗಿ ಬಲ್ಲೆವು.

1964ರಲ್ಲಿ ಜೊತೆಗಾರ ಬಿಲ್ ಇಂಗ್ಲಿಷ್ ಮೊದಲ ಮೌಸ್ ಮಾಡಿಕೊಟ್ಟರು. ಮರದ ತುಂಡು, ಕೆಳಗೆ ಎರಡು ಚಕ್ರ, ಮೇಲೆ ಒಂದು ಬಟನ್. ಆದರೆ ಎಂಗೆಲ್‌ಬಾರ್ಟ್ ಲೆಕ್ಕದಲ್ಲಿ ಮೌಸ್ ಅರ್ಧ ಕೆಲಸ ಅಷ್ಟೇ. ಬಲಗೈ ಪರದೆ ಮೇಲೆ ಎಲ್ಲಿ ಅಂತ ತೋರಿಸಿದರೆ, ಏನು ಮಾಡಬೇಕು ಅಂತ ಹೇಳೋರು ಯಾರು? ಅದಕ್ಕೆ ಎಡಗೈ ಕೆಳಗೆ ಪಿಯಾನೋ ಥರದ ಐದು ಕೀಗಳ ಕೀಸೆಟ್ ಇಟ್ಟರು. ಮೊದಲ ಕೀ ಒತ್ತಿದರೆ ಎ, ಎರಡನೇದು ಬಿ, ಎರಡೂ ಒಟ್ಟಿಗೆ ಒತ್ತಿದರೆ ಸಿ. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಈಗಾಗಲೇ ಹೊಳೆದಿರಬೇಕು, ಇದು ಬೈನರಿ. ಐದು ಬೆರಳಿಗೆ 31 ಜೋಡಣೆ, ಇಂಗ್ಲಿಷಿನ 26 ಅಕ್ಷರಕ್ಕೆ ಧಾರಾಳ. ಎಡಗೈಯಲ್ಲಿ ಡಿ, ಡಬ್ಲ್ಯೂ ಒತ್ತಿ ಬಲಗೈಯಲ್ಲಿ ಒಂದು ಪದ ತೋರಿಸಿದರೆ ಆ ಪದ ಅಳಿಸುತ್ತೆ. ಕೈ ಎತ್ತಿ ಕೀಬೋರ್ಡ್‌ಗೆ ಹೋಗೋದೂ ಬೇಡ, ಮೆನು ಹುಡುಕೋದೂ ಬೇಡ.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು ಸಾವಿರ ಜನರ ಮುಂದೆ ಇದನ್ನೆಲ್ಲ 90 ನಿಮಿಷ ಮಾಡಿ ತೋರಿಸಿದರು. ಕಂಪ್ಯೂಟರ್ ಇದ್ದದ್ದು ಸುಮಾರು 50 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕ್‌ನಲ್ಲಿ, ಮೈಕ್ರೋವೇವ್ ಸಂಪರ್ಕದಲ್ಲಿ. ಪರದೆಯ ಒಂದು ಭಾಗದಲ್ಲಿ ಅಲ್ಲಿದ್ದ ಸಹೋದ್ಯೋಗಿಯ ಮುಖ, ಉಳಿದ ಭಾಗದಲ್ಲಿ ಇಬ್ಬರೂ ಸೇರಿ ನೋಡುತ್ತಿದ್ದ ಬರಹ. ನಾವು ಆನ್‌ಲೈನ್ ಕ್ಲಾಸಲ್ಲಿ ನೋಡಿದ್ದು ಇದನ್ನೇ ಅಲ್ವಾ! ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಆದ ಮೇಲಿನ ಕಥೆ ಬೇಸರದ್ದು. ಅವರ ಸಿಸ್ಟಮ್ ಕಲಿಯೋಕೆ ಕಷ್ಟ ಅನ್ನೋ ದೂರು ಇತ್ತು. ಕಲಿಯೋದು ಸುಲಭ ಇರಲಿ ಅಂತ ಜೀವನಪೂರ್ತಿ ಮೂರು ಚಕ್ರದ ಸೈಕಲ್ ಓಡಿಸ್ತೀರಾ, ಎರಡು ಚಕ್ರದ್ದು ಕಲಿತರೆ ಎಷ್ಟು ದೂರ ಹೋಗಬಹುದು ಅನ್ನೋದು ಅವರ ವಾದ. ಅವರ ತಂಡದ ಹಲವರು, ಬಿಲ್ ಇಂಗ್ಲಿಷ್ ಕೂಡ, ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರಕ್ಕೆ ಹೋದರು. ಹಣ ಬತ್ತಿತು. 1977ರಲ್ಲಿ ಸಂಸ್ಥೆ ಅವರ ಸಿಸ್ಟಮ್ಮನ್ನೇ ಟೈಮ್‌ಶೇರ್ ಅನ್ನೋ ಕಂಪನಿಗೆ ಮಾರಿತು. ಮೌಸ್ ಪೇಟೆಂಟ್ ಸಂಸ್ಥೆಯದ್ದಾಗಿತ್ತು, ಎಂಗೆಲ್‌ಬಾರ್ಟ್‌ಗೆ ರಾಯಲ್ಟಿ ಬರಲಿಲ್ಲ. 1984ರ ಮ್ಯಾಕಿಂಟಾಷ್ ಜೊತೆ ಒಂದೇ ಬಟನ್ನಿನ ಮೌಸ್ ಮನೆಮನೆಗೆ ಬಂತು. ಐದು ಕೀಗಳ ಕೀಸೆಟ್ ಬರಲೇ ಇಲ್ಲ.

ಇದರಲ್ಲಿ ತಪ್ಪು ಯಾರದ್ದು ಅಂತ ನಮ್ಮ ಕ್ಲಬ್ಬಲ್ಲೇ ಜಗಳ ಆಗಿದೆ. ಮೊದಲ ಸಲ ಕಂಪ್ಯೂಟರ್ ಮುಟ್ಟೋ ನಮ್ಮ ಅಜ್ಜಿಗೆ 31 ಜೋಡಣೆ ಬಾಯಿಪಾಠ ಮಾಡಿ ಅಂದ್ರೆ ಅವರು ಯಂತ್ರಕ್ಕೊಂದು ನಮಸ್ಕಾರ ಹಾಕಿ ಎದ್ದು ಹೋಗ್ತಾರೆ. ದಿನಕ್ಕೆ ಎಂಟು ಗಂಟೆ ಅದರ ಮುಂದೆ ಕೂರೋ ನಾವು ಎರಡು ವಾರ ಕಷ್ಟಪಟ್ಟರೆ ಏನು ನಷ್ಟ? ಇಬ್ಬರಿಗೂ ಒಂದೇ ಸಾಧನ ಸಾಕು ಅಂದುಕೊಂಡದ್ದೇ ಎಡವಟ್ಟು ಅನ್ನೋದು ನಮ್ಮಲ್ಲಿ ಹೆಚ್ಚಿನವರ ಅಭಿಪ್ರಾಯ.

ವಿಂಡೋಗಳ ಕಥೆಯೂ ತಮಾಷೆಯಾಗಿದೆ. 1985ರ ವಿಂಡೋಸ್ 1.0ರಲ್ಲಿ ಅವು ಒಂದರ ಮೇಲೊಂದು ಬೀಳದೆ ಅಕ್ಕಪಕ್ಕವೇ ಕೂರುತ್ತಿದ್ದವು. 1987ರಲ್ಲಿ ಒಂದರ ಮೇಲೊಂದು ಏರಿದವು. 2009ರ ವಿಂಡೋಸ್ 7ರಲ್ಲಿ ಬಾಣದ ಕೀ ಶಾರ್ಟ್‌ಕಟ್ ಬಂದು, ಅಕ್ಕಪಕ್ಕ ಕೂರಿಸೋದು ಮತ್ತೆ ಸುಲಭ ಆಯ್ತು.

1997ರಲ್ಲಿ ಟ್ಯೂರಿಂಗ್ ಪ್ರಶಸ್ತಿ, 2000ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಅವರಿಗೆ ಸಿಕ್ಕವು. 2013ರ ಜುಲೈ 2ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಆ 90 ನಿಮಿಷದ ವಿಡಿಯೋ ಇವತ್ತಿಗೂ ನೋಡೋಕೆ ಸಿಗುತ್ತೆ. ನೋಡುವಾಗ ಮೌಸ್ ಬಿಟ್ಟು, ಅವರ ಎಡಗೈ ಕಾಣಿಸೋ ಕಡೆಗಳಲ್ಲಿ ಅದರ ಮೇಲೆ ಕಣ್ಣಿಡಿ.