ನಾಲ್ವಡಿ ಕೃಷ್ಣರಾಜ ಒಡೆಯರ್

ನಾಲ್ವಡಿ ಕೃಷ್ಣರಾಜ ಒಡೆಯರ್ (ಜೂನ್ 4, 1884 – ಆಗಸ್ಟ್ 3, 1940) ಮೈಸೂರು ಸಂಸ್ಥಾನದ ಮಹಾರಾಜರು. ಶಿಕ್ಷಣ, ನೀರಾವರಿ ಮತ್ತು ಕೈಗಾರಿಕೆಗಳಿಗೆ ಅವರು ನೀಡಿದ ಪ್ರೋತ್ಸಾಹ ಪ್ರಸಿದ್ಧವಾಗಿದೆ. ಮರದ ಸಾಮಾನುಗಳಿಗೆ ಮೆರುಗು ನೀಡುವ ಅರಗು ಮತ್ತು ಬಣ್ಣಗಳ ಉದ್ಯಮವೂ ಅವರ ಆಳ್ವಿಕೆಯಲ್ಲಿಯೇ ಮೈಸೂರಿನಲ್ಲಿ ಸ್ಥಾಪನೆಯಾಯಿತು.

ಆರಂಭಿಕ ಜೀವನ

ತಂದೆ ಹತ್ತನೆಯ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ನಿಧನರಾದಾಗ ನಾಲ್ವಡಿಯವರಿಗೆ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದರು. 1902ರ ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಸಮ್ಮುಖದಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡರು.

ಅರಮನೆಯ ಪುನರ್ನಿರ್ಮಾಣ

1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಬೆಂಕಿ ಬಿದ್ದು, ಬಹುಭಾಗ ಮರದಿಂದಲೇ ಕಟ್ಟಲ್ಪಟ್ಟಿದ್ದ ಹಳೆಯ ಅರಮನೆ ನಾಶವಾಯಿತು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಇದಕ್ಕೆ ಸುಮಾರು 41 ಲಕ್ಷ ರೂಪಾಯಿ ವೆಚ್ಚವಾಯಿತು. ಈ ಬಾರಿ ಕಟ್ಟಡಕ್ಕೆ ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣಗಳು ಆಧಾರವಾದವು. ಆದರೆ ಮರದ ಕಲೆಯನ್ನು ಕೈಬಿಡಲಿಲ್ಲ. ಅಂಬಾವಿಲಾಸದಲ್ಲಿ ದಂತದ ಕುಸುರಿ ಕೂಡಿಸಿದ ಬೀಟೆ ಮರದ ಬಾಗಿಲನ್ನು ಇಂದಿಗೂ ಕಾಣಬಹುದು.

ಅರಗು ಮತ್ತು ಬಣ್ಣದ ಕಾರ್ಖಾನೆ

ಸಂಸ್ಥಾನದ ಕಾಡುಗಳಲ್ಲಿ ದೊರೆಯುವ ಅರಗನ್ನು ಬಳಸಿಕೊಳ್ಳುವ ಉದ್ದೇಶದಿಂದ 1937ರಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಆರಂಭವಾಯಿತು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು. ಕಾಡಿನ ಕಚ್ಚಾವಸ್ತುವನ್ನು ಹಾಗೆಯೇ ಮಾರುವುದಕ್ಕಿಂತ ನಾಡಿನಲ್ಲಿಯೇ ಸಂಸ್ಕರಿಸಿದರೆ ಅದರ ಲಾಭವೂ ಉದ್ಯೋಗವೂ ಇಲ್ಲಿಯ ಜನರಿಗೇ ಉಳಿಯುತ್ತದೆ. ಗಂಧದೆಣ್ಣೆ ಮತ್ತು ಸಾಬೂನಿನ ಕಾರ್ಖಾನೆಗಳ ಹಿಂದೆ ಇದ್ದುದೂ ಇದೇ ನೀತಿ.

ಅರಗು ಒಂದು ಬಗೆಯ ಕೀಟವು ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ಸ್ರವಿಸುವ ರಾಳ. ಅದನ್ನು ಕೆರೆದು, ಪುಡಿ ಮಾಡಿ, ತೊಳೆದು, ಕರಗಿಸಿ ತೆಳು ಹಾಳೆಗಳನ್ನಾಗಿ ಮಾಡುತ್ತಾರೆ. ಇದನ್ನು ಮದ್ಯಸಾರದಲ್ಲಿ ಕರಗಿಸಿದರೆ ಮರದ ಪಾಲಿಶ್ ಸಿದ್ಧವಾಗುತ್ತದೆ. ಮರಳು ಕಾಗದದಿಂದ ಉಜ್ಜಿ ನಯಗೊಳಿಸಿದ ಮರದ ಮೇಲೆ ಬಟ್ಟೆಯ ಉಂಡೆಯಿಂದ ತೆಳುವಾಗಿ ಹಲವು ಸಲ ಸವರಿದಾಗ ಮದ್ಯಸಾರ ಆರಿ ಹೊಳೆಯುವ ಪದರ ಉಳಿಯುತ್ತದೆ. ಹೊಸ ಲೇಪ ಹಳೆಯ ಲೇಪದೊಡನೆ ಬೆರೆತುಕೊಳ್ಳುವುದರಿಂದ ಮಾಸಿದ ಕುರ್ಚಿ, ಮೇಜುಗಳನ್ನು ಸುಲಭವಾಗಿ ನವೀಕರಿಸಬಹುದು. ಬಿಸಿ ಮತ್ತು ನೀರು ತಗುಲಿದರೆ ಕಲೆಯಾಗುವುದು ಇದರ ಮಿತಿ. ಎಣ್ಣೆ ಬಣ್ಣ ಮರದ ಎಳೆಗಳನ್ನು ಮರೆಮಾಡಿದರೂ ತೇವವನ್ನು ಹೆಚ್ಚು ತಡೆಯುತ್ತದೆ.

ಇತರ ಕೊಡುಗೆಗಳು

ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916) ಹಾಗೂ ಕೃಷ್ಣರಾಜಸಾಗರ ಅಣೆಕಟ್ಟು ಅವರ ಕಾಲದ ಪ್ರಮುಖ ಸಾಧನೆಗಳು. ಚಿತ್ರಕಾರ ಕೆ. ವೆಂಕಟಪ್ಪನವರು ಅವರ ಆಶ್ರಯ ಪಡೆದಿದ್ದರು. ಗಾಂಧೀಜಿಯವರು ಅವರನ್ನು ರಾಜರ್ಷಿ ಎಂದು ಕರೆದರು.

ನಿಧನ ಮತ್ತು ನಂತರ

ನಾಲ್ವಡಿಯವರು 1940ರಲ್ಲಿ ನಿಧನರಾದರು. ಅವರಿಗೆ ಮಕ್ಕಳಿರಲಿಲ್ಲ. ತಮ್ಮನ ಮಗ ಜಯಚಾಮರಾಜೇಂದ್ರ ಒಡೆಯರ್ ಪಟ್ಟಕ್ಕೆ ಬಂದರು. ಅರಗಿನ ಕಾರ್ಖಾನೆ 1947ರಲ್ಲಿ ಸರ್ಕಾರಿ ಉದ್ಯಮವಾಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಇದೇ ಸಂಸ್ಥೆ ಪೂರೈಸುತ್ತಿದೆ. 1989ರಲ್ಲಿ ಇದಕ್ಕೆ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಎಂಬ ಹೆಸರು ಬಂದಿತು.